ಮೊದಲೇ ಬರೆದಿಟ್ಟ ಉತ್ತರ ಮತ್ತು ನಮ್ಮೂರ ನೀರುನಾಯಿ

ಅಮೆರಿಕಾದ ಕೆಲವು ಕ್ರೈಸ್ತ ಶಾಲೆಗಳಿಗೆ ಅಂತಲೇ ಬರೆದ ಜೀವಶಾಸ್ತ್ರದ ಪಠ್ಯಪುಸ್ತಕಗಳಿವೆ. ಅದರಲ್ಲಿ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಪ್ರಕಾಶನದ್ದು ಕೋರ್ಟ್ ಮೆಟ್ಟಿಲೂ ಹತ್ತಿತ್ತು. ಇದನ್ನು ಓದಿದವರು ಪ್ರವೇಶಕ್ಕೆ ಬೇಕಾದ ಜೀವಶಾಸ್ತ್ರ ಓದಿದ ಹಾಗಲ್ಲ ಅಂತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಹೇಳಿತು. ಶಾಲೆಗಳ ಸಂಘ 2005ರಲ್ಲಿ ಕೇಸು ಹಾಕಿ 2008ರಲ್ಲಿ ಸೋತಿತು, 2010ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಆ ಪುಸ್ತಕದ ಪೀಠಿಕೆಯ ಸಾರ ಇಷ್ಟೇ: ತೀರ್ಮಾನ ಬೈಬಲ್ಲಿಗೆ ವಿರುದ್ಧವಾದರೆ ಆ ತೀರ್ಮಾನವೇ ತಪ್ಪು, ಪುರಾವೆ ಎಷ್ಟಿದ್ದರೂ ಸರಿ.

ಜೀವಕೋಶ, ಎಲೆ, ಬೇರು ಇವನ್ನೆಲ್ಲ ಅದರಲ್ಲಿ ಸರಿಯಾಗೇ ಹೇಳಿರಬಹುದು. ನನ್ನ ತಕರಾರು ಆ ಒಂದು ಮಾತಿನ ಮೇಲೆ.

ನಮ್ಮ ಬುಕ್ಕಸಾಗರದ ಹೊಳೆದಂಡೆಗೇ ಬನ್ನಿ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ ಸುಮಾರು 34 ಕಿ.ಮೀ. ಉದ್ದವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆ ಮೀಸಲಿಟ್ಟರು. ಹೊಳೆಯಲ್ಲಿ ಮೀನು ಕಮ್ಮಿಯಾಯ್ತು, ನೀರುನಾಯಿಯೇ ತಿಂದು ಮುಗಿಸ್ತಿದೆ ಅಂತ ಒಬ್ಬ ಅಂದ ಅಂದುಕೊಳ್ಳಿ. ಒಳ್ಳೆ ಊಹೆ! ಈಗ ಬಂಡೆ ಮೇಲೆ ಬಿದ್ದಿರೋ ಅದರ ಹಿಕ್ಕೆ ಕೆದಕಬೇಕು (ಹೌದು ಸ್ವಾಮಿ, ವಿಜ್ಞಾನದಲ್ಲಿ ಇದೂ ಒಂದು ಕೆಲಸ). ಮೀನಿನ ಹುರುಪೆ ಎಷ್ಟು, ಏಡಿ ಚಿಪ್ಪು ಎಷ್ಟು, ಯಾವ ಜಾತಿ ಮೀನು ಅಂತ ಲೆಕ್ಕ ಇಡಬೇಕು. ನೀರುನಾಯಿ ಇಲ್ಲದ ಕಡೆ, ಸಿಡಿಮದ್ದು ಹಾಕಿ ಮೀನು ಹಿಡಿಯೋ ಕಡೆ ಮೀನು ಹೇಗಿದೆ ಅಂತ ಹೋಲಿಸಬೇಕು. ಲೆಕ್ಕ ಕೂಡಿ ಬರದಿದ್ದರೆ ಊಹೆ ಬಿಡಬೇಕು. ‘ನೀರುನಾಯಿಯೇ ಕಳ್ಳ’ ಅಂತ ಮೊದಲೇ ಬರೆದಿಟ್ಟಿದ್ದರೆ ಹಿಕ್ಕೆ ಕೆದಕೋ ಕಷ್ಟ ಯಾಕೆ?

ಇದಕ್ಕೆ ಕ್ರೈಸ್ತ ಧರ್ಮವನ್ನೇ ಬೈಯೋದು ಸುಲಭ, ಆದರೆ ಸರಿಯಲ್ಲ. ಗ್ರೆಗರ್ ಮೆಂಡೆಲ್ ಮಠದಲ್ಲಿದ್ದ ಸನ್ಯಾಸಿ. ಮಠದ ತೋಟದಲ್ಲಿ ಬಟಾಣಿ ಬೆಳೆದು ಎಣಿಸಿದ: ದುಂಡು ಕಾಳು 5474, ಸುಕ್ಕು ಕಾಳು 1850. ಹೆಚ್ಚುಕಮ್ಮಿ ಮೂರಕ್ಕೆ ಒಂದು. ಆ ಅನುಪಾತ ಯಾವ ಧರ್ಮಗ್ರಂಥದಲ್ಲೂ ಇರಲಿಲ್ಲ, ಕಾಳಿನಲ್ಲಿತ್ತು. ನಮ್ಮಲ್ಲೇ ನೋಡಿ, ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸೆಸಿಲ್ ಸಲ್ಡಾನಾ ಜೆಸ್ವಿಟ್ ಪಾದ್ರಿ. ಅವರು ಡ್ಯಾನ್ ನಿಕಲ್ಸನ್ ಜೊತೆ ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ 1976ರಲ್ಲಿ ತಂದ ದಪ್ಪ ಪುಸ್ತಕವನ್ನು ಸಸ್ಯಶಾಸ್ತ್ರಜ್ಞರು ಯಾವ ಜಾತಿಯವರಾದರೂ ಬಳಸ್ತಾರೆ. ವಿಕಾಸವಾದ ಬರೀ ಊಹೆಗಿಂತ ಮಿಗಿಲಾದದ್ದು ಅಂತ 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರೇ ಹೇಳಿದ್ದರು.

ಇನ್ನು ನಾವು ನಗೋ ಹಾಗೂ ಇಲ್ಲ ಬಿಡಿ. 2018ರಲ್ಲಿ ಕೇಂದ್ರದ ಆಗಿನ ರಾಜ್ಯಸಚಿವ ಸತ್ಯಪಾಲ್ ಸಿಂಗ್, ಕೋತಿ ಮನುಷ್ಯ ಆಗಿದ್ದನ್ನು ಯಾರೂ ನೋಡಿಲ್ಲ, ಡಾರ್ವಿನ್ ತಪ್ಪು ಅಂದರು. ನೀರುನಾಯಿ ಮೀನು ತಿನ್ನೋದನ್ನ ಕೂತು ನೋಡಿದವರೂ ಕಮ್ಮಿಯೇ, ಹಿಕ್ಕೆ ಹೇಳುತ್ತೆ! 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಧ್ಯಾಯದಿಂದ ವಿಕಾಸದ ಭಾಗ ತೆಗೆಯಿತು. ಮಕ್ಕಳ ಭಾರ ಇಳಿಸೋದಕ್ಕೆ ಅಂತ ಕಾರಣ ಕೊಟ್ಟರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಬೇಡ ಅಂದರು.

ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ ಅಂತಾರೆ. ಇದೆ, ಆದರೆ ಜೀವಶಾಸ್ತ್ರ ತಗೊಂಡವರಿಗೆ ಮಾತ್ರ. ಹತ್ತು ಮುಗಿಸಿ ಕಾಮರ್ಸಿಗೋ, ಐಟಿಐಗೋ, ಅಪ್ಪನ ಬಾಳೆತೋಟಕ್ಕೋ ಹೋಗೋ ಹುಡುಗ ಡಾರ್ವಿನ್ ಹೆಸರನ್ನ ಮುಂದೆ ಎಲ್ಲಿ ಕೇಳ್ತಾನೆ? ವಾಟ್ಸಾಪಿನಲ್ಲಿ.

ನಿಮ್ಮ ಮನೆಯ ಹತ್ತನೇ ಕ್ಲಾಸಿನ ಪುಸ್ತಕ ತೆಗೆದು ಆ ಅಧ್ಯಾಯದ ಹೆಸರು ಏನಿದೆ ನೋಡಿ. ನೋಡಿದವರು ಇಲ್ಲೇ ಕೆಳಗೆ ತಿಳಿಸಿ.