ನಾಚಿಕೆ ಬಿಡಿ, ಈ ಬಿರುಕಿಗೆ ಮದ್ದಿದೆ

ತಲೆನೋವು, ಸೊಂಟನೋವು, ಮಂಡಿನೋವು ಬಂದರೆ ಪಕ್ಕದ ಮನೆಯವರ ಹತ್ತಿರವೂ ಹೇಳಿಕೊಳ್ಳುತ್ತೀರಿ. ಆದರೆ ಟಾಯ್ಲೆಟ್‌ಗೆ ಹೋದಾಗ ಬ್ಲೇಡಿನಿಂದ ಕೊಯ್ದಂತೆ ನೋವಾಗುತ್ತದೆ, ಎರಡು ಹನಿ ರಕ್ತವೂ ಬಿತ್ತು ಅನ್ನೋದನ್ನು? ಗಂಡನಿಗೂ ಹೇಳೋದಿಲ್ಲ. 'ಅಯ್ಯೋ, ಆ ಜಾಗ ಡಾಕ್ಟರಿಗೆ ಹೇಗೆ ತೋರಿಸೋದು?' ಅಂತ ಸುಮ್ಮನಾಗುವ ಹೆಣ್ಣುಮಕ್ಕಳೇ ಹೆಚ್ಚು. ಮೆಡಿಕಲ್ ಸ್ಟೋರಿನಿಂದ ಯಾವುದೋ ಪೈಲ್ಸ್ ಮುಲಾಮು ತರಿಸಿ ತಿಂಗಳುಗಟ್ಟಲೆ ಹಚ್ಚಿಕೊಳ್ಳುತ್ತಾರೆ. ಅದು ಪೈಲ್ಸ್ ಆಗಿರದೆ ಫಿಶರ್, ಅಂದರೆ ಗುದದ ಬಿರುಕು ಆಗಿರಬಹುದು. ಬೇಗ ಗಮನ ಕೊಟ್ಟರೆ ಮನೆಯಲ್ಲೇ ವಾಸಿಯಾಗಬಹುದಾದ ಈ ಗಾಯ ಮುಚ್ಚಿಟ್ಟಷ್ಟೂ ಹಟಮಾರಿಯಾಗುತ್ತದೆ.

ಏನಿದು ಫಿಶರ್?

ಚಳಿಗಾಲದಲ್ಲಿ ತುಟಿ ಒಡೆಯುತ್ತದಲ್ಲ, ಹಾಗೆಯೇ ಮಲದ್ವಾರದ ಒಳಪದರದಲ್ಲಿ ಆಗುವ ಸಣ್ಣ ಸೀಳು ಇದು. ಗಟ್ಟಿ ಮಲವನ್ನು ತಿಣುಕಿ ಹೊರಹಾಕಿದಾಗ, ಕೆಲವೊಮ್ಮೆ ವಿಪರೀತ ಭೇದಿಯಿಂದ ಅಥವಾ ಹೆರಿಗೆಯ ಸಮಯದಲ್ಲಿ ಆಗುತ್ತದೆ. ಗಾಯ ಚಿಕ್ಕದೇ. ಆದರೆ ನೋವಿಗೆ ಒಳಗಿನ ಸ್ನಾಯು ಬಿಗಿದುಕೊಳ್ಳುತ್ತದೆ. ಸ್ನಾಯು ಬಿಗಿದರೆ ರಕ್ತ ಸಂಚಾರ ಕಡಿಮೆಯಾಗಿ ಗಾಯ ಮಾಯುವುದಿಲ್ಲ. ನೋವಿಗೆ ಹೆದರಿ ನೀವು ಟಾಯ್ಲೆಟ್ ಮುಂದೂಡುತ್ತೀರಿ, ಮಲ ಇನ್ನಷ್ಟು ಗಟ್ಟಿಯಾಗುತ್ತದೆ, ಮರುದಿನ ಅದೇ ಜಾಗ ಮತ್ತೆ ಹರಿಯುತ್ತದೆ. ಈ ಚಕ್ರವನ್ನು ಮುರಿಯೋದೇ ಚಿಕಿತ್ಸೆಯ ಗುಟ್ಟು.

ಒಳಗಿನ ಪೈಲ್ಸ್‌ನಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ರಕ್ತ ಹೋಗುತ್ತದೆ. ಫಿಶರ್‌ನಲ್ಲಿ ನೋವೇ ಮುಖ್ಯ. ಮಲವಿಸರ್ಜನೆ ಮುಗಿದ ಮೇಲೂ ಕೆಲವು ನಿಮಿಷಗಳಿಂದ ಗಂಟೆಗಟ್ಟಲೆ ಉರಿಯಬಹುದು. ಗಾಯ ಹಳೆಯದಾದರೆ ಪಕ್ಕದಲ್ಲಿ ಚರ್ಮದ ಸಣ್ಣ ಗಂಟು ಬೆಳೆಯುತ್ತದೆ. ಎಷ್ಟೋ ಜನ ಅದನ್ನೇ ಮೊಳೆ ಅಂದುಕೊಂಡು ಪೈಲ್ಸ್ ಔಷಧಿ ಮಾಡುತ್ತಿರುತ್ತಾರೆ.

ನಮ್ಮ ದಿನಚರಿಯೇ ಕಾರಣ

ತಿಂಡಿ ತಿಂದ ಮೇಲೆ ಕರುಳು ಚುರುಕಾಗೋದು ಸಹಜ. ಆದರೆ ಆ ಹೊತ್ತಿಗೆ ಗೃಹಿಣಿ ಏನು ಮಾಡುತ್ತಿರುತ್ತಾಳೆ? ಮಕ್ಕಳ ಡಬ್ಬಿ, ಸ್ಕೂಲ್ ವ್ಯಾನ್, ಗಂಡನ ಆಫೀಸು, ಕುಕ್ಕರಿನ ಸೀಟಿ. 'ಆಮೇಲೆ ಹೋದ್ರಾಯ್ತು' ಅಂತ ತಡೆದ ಕರೆ ಮತ್ತೆ ಬರೋದೇ ಇಲ್ಲ. ಮದುವೆ ಮನೆ, ಪ್ರಯಾಣ ಅಂದರೆ ಟಾಯ್ಲೆಟ್ ಸರಿಯಿರಲ್ಲ ಅಂತ ನೀರನ್ನೇ ಕುಡಿಯೋದಿಲ್ಲ. ಗರ್ಭಿಣಿಯರಿಗೆ, ಕಬ್ಬಿಣಾಂಶದ ಮಾತ್ರೆ ನುಂಗುವವರಿಗೆ ಮಲಬದ್ಧತೆ ಇನ್ನೂ ಹೆಚ್ಚು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿದರೆ ಬದಲಿಸಿ ಕೊಡುತ್ತಾರೆ. ಮನೆಮಂದಿಗೂ ಒಂದು ಮಾತು: ಬೆಳಿಗ್ಗೆ ಹತ್ತು ನಿಮಿಷ ಅವಳಿಗೂ ಬಿಟ್ಟುಕೊಡಿ. ಇದೂ ಔಷಧಿಯೇ.

ಮನೆಯಲ್ಲೇ ಏನು ಮಾಡಬಹುದು?

* ದಿನಕ್ಕೆ 25ರಿಂದ 30 ಗ್ರಾಂ ನಾರು ಹೊಟ್ಟೆಗೆ ಹೋಗಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಬಸ್ಸಾರು, ಕಾಳಿನ ಪಲ್ಯ, ಸೀಬೆಹಣ್ಣು ಮತ್ತೆ ತಟ್ಟೆಗೆ ಬರಲಿ. ಒಮ್ಮೆಲೇ ಹೆಚ್ಚಿಸಿದರೆ ಗ್ಯಾಸ್ ಆಗುತ್ತೆ, ನಿಧಾನವಾಗಿ ಹೆಚ್ಚಿಸಿ.

* ರಾತ್ರಿ ಒಂದೆರಡು ಚಮಚ ಇಸಬ್‌ಗೋಲ್ ತೆಗೆದುಕೊಳ್ಳಬಹುದು. ಜೊತೆಗೆ ದೊಡ್ಡ ಲೋಟದ ತುಂಬ ನೀರು ಕುಡಿಯಲೇಬೇಕು, ಇಲ್ಲದಿದ್ದರೆ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ.

* ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ 10ರಿಂದ 15 ನಿಮಿಷ ಕುಳಿತುಕೊಳ್ಳಿ. ದಿನಕ್ಕೆ ಎರಡು ಮೂರು ಸಲ, ಮುಖ್ಯವಾಗಿ ಟಾಯ್ಲೆಟ್ ಆದ ಮೇಲೆ. ಬಿಗಿದ ಸ್ನಾಯು ಸಡಿಲವಾಗುತ್ತದೆ. ಡೆಟಾಲ್, ಸೋಪು ಬೇಡ, ಬರೀ ನೀರು ಸಾಕು.

* ಕಮೋಡ್ ಇದ್ದರೆ ಕಾಲ ಕೆಳಗೊಂದು ಸಣ್ಣ ಸ್ಟೂಲ್ ಇಟ್ಟುಕೊಳ್ಳಿ. ತಿಣುಕಬೇಡಿ, ಮೊಬೈಲ್ ಹಿಡಿದು ಅಲ್ಲೇ ಕೂರಬೇಡಿ.

ಹೊಸ ಗಾಯಗಳಲ್ಲಿ ಸುಮಾರು ಅರ್ಧದಷ್ಟು ಇಷ್ಟರಿಂದಲೇ ಕೆಲವು ವಾರಗಳಲ್ಲಿ ವಾಸಿಯಾಗುತ್ತವೆ. ಆದರೆ ನೋವು ಹೋಯ್ತು ಅಂತ ಮಾರನೇ ದಿನವೇ ನಾರು, ನೀರು ನಿಲ್ಲಿಸಿದರೆ ಬಿರುಕು ಮತ್ತೆ ಬರುತ್ತದೆ.

ಡಾಕ್ಟರ್ ಹತ್ತಿರ ಹೋದರೆ...

'ಆಪರೇಷನ್ ಅಂದ್ಬಿಟ್ರೆ?' ಅನ್ನೋದು ದೊಡ್ಡ ಹೆದರಿಕೆ. ಮೊದಲ ಹೆಜ್ಜೆ ಆಪರೇಷನ್ ಅಲ್ಲ. ಡಿಲ್ಟಿಯಾಜೆಮ್, ನೈಟ್ರೋಗ್ಲಿಸರಿನ್‌ನಂಥ ಮುಲಾಮುಗಳು ಸ್ನಾಯುವನ್ನು ಸಡಿಲಿಸಿ ಗಾಯಕ್ಕೆ ರಕ್ತ ಹರಿಯುವಂತೆ ಮಾಡುತ್ತವೆ. ಆರರಿಂದ ಎಂಟು ವಾರ ಬಿಡದೆ ಹಚ್ಚಬೇಕು. ನೈಟ್ರೋಗ್ಲಿಸರಿನ್‌ನಿಂದ ಕೆಲವರಿಗೆ ತಲೆನೋವು ಬರುತ್ತದೆ, ಬಂದರೆ ಡಾಕ್ಟರಿಗೆ ತಿಳಿಸಿ. ಇವನ್ನು ಚೀಟಿಯಿಲ್ಲದೆ ಕೊಳ್ಳಬೇಡಿ. ಬಸುರಿ, ಬಾಣಂತಿಯರಂತೂ ಕೇಳದೆ ಏನನ್ನೂ ಹಚ್ಚಬಾರದು. ಸ್ಟೀರಾಯ್ಡ್ ಇರುವ ಮುಲಾಮನ್ನು ತಿಂಗಳುಗಟ್ಟಲೆ ಬಳಸಿದರೆ ಚರ್ಮ ತೆಳುವಾಗುತ್ತದೆ.

ಇದಕ್ಕೂ ಬಗ್ಗದಿದ್ದರೆ ಬೊಟಾಕ್ಸ್ ಇಂಜೆಕ್ಷನ್ ಅಥವಾ ಸ್ನಾಯುವನ್ನು ಸ್ವಲ್ಪ ಮಾತ್ರ ಕತ್ತರಿಸುವ ಸಣ್ಣ ಆಪರೇಷನ್ ಇದೆ. ಆಪರೇಷನ್ನಿನಿಂದ 10ರಲ್ಲಿ 9 ಮಂದಿಗಿಂತ ಹೆಚ್ಚು ಜನರ ಗಾಯ ಮಾಯುತ್ತದೆ. ಆದರೆ ಗ್ಯಾಸ್ ಅಥವಾ ಮಲ ತಡೆಯುವ ಶಕ್ತಿ ಕುಂದುವ ಅಪಾಯ ಸ್ವಲ್ಪ ಇದೆ. ಹೆರಿಗೆಯಲ್ಲಿ ಸ್ನಾಯುವಿಗೆ ಪೆಟ್ಟಾದವರಿಗೆ ಇದು ಹೆಚ್ಚು, ಹಾಗಾಗಿ ನಿಮ್ಮ ಹೆರಿಗೆಗಳ ವಿಷಯ ಸರ್ಜನ್‌ಗೆ ಹೇಳಲೇಬೇಕು. ಇದೇ ಕಾರಣಕ್ಕೆ ಗೋಡೆ ಮೇಲಿನ 'ಒಂದೇ ದಿನದಲ್ಲಿ ಗ್ಯಾರಂಟಿ ಗುಣ' ಜಾಹೀರಾತುಗಳನ್ನು ನಂಬಬೇಡಿ.

ಬಹಳಷ್ಟು ಸಲ ಡಾಕ್ಟರ್ ಹೊರಗಿನಿಂದ ಮೆಲ್ಲಗೆ ನೋಡಿಯೇ ಬಿರುಕನ್ನು ಗುರುತಿಸುತ್ತಾರೆ. ಮಹಿಳಾ ವೈದ್ಯರೇ ಬೇಕು ಅನ್ನೋದು, ಪರೀಕ್ಷೆ ವೇಳೆ ನರ್ಸ್ ಅಥವಾ ಅಕ್ಕ-ತಂಗಿ ಜೊತೆಗಿರಲಿ ಅನ್ನೋದು ಕೇಳಬಾರದ ಮಾತೇನಲ್ಲ. ಅದೂ ಮುಜುಗರವೆನಿಸಿದರೆ, ಹೆರಿಗೆ ಮಾಡಿಸಿದ ಡಾಕ್ಟರ್ ಹತ್ತಿರವೇ ಮೊದಲು ಬಾಯಿಬಿಡಿ.

ರಕ್ತ ಪದೇ ಪದೇ ಹೋಗುತ್ತಿದ್ದರೆ, ಮಲ ಕಪ್ಪಗಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲವಿಸರ್ಜನೆಯ ಅಭ್ಯಾಸವೇ ಬದಲಾದರೆ, ಜ್ವರ-ಕೀವು ಕಂಡರೆ ಒಂದು ದಿನವೂ ಕಾಯಬೇಡಿ. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ 'ಪೈಲ್ಸ್ ಇರಬೇಕು ಬಿಡು' ಅಂತ ನೀವೇ ತೀರ್ಮಾನ ಮಾಡಬೇಡಿ.

ಮನೆಯವರಿಗೆ ಒಂದು ಸೀನು ಬಂದರೂ ಕಷಾಯ ಕುದಿಸುವವರು ನೀವು. ನಿಮ್ಮ ನೋವಿಗೂ ಒಮ್ಮೆ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ದೇಹದ ಯಾವ ಭಾಗದ ಕಾಯಿಲೆಯೂ ಮರ್ಯಾದೆಗೆಟ್ಟ ಕಾಯಿಲೆಯಲ್ಲ.