‘ನಮ್ಮ ನಾಯಿ ಕಚ್ಚಲ್ಲ’

ಬೋಧನಾಭ್ಯಾಸದ ಎರಡನೆಯ ವಾರ. ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಪಾಠ. ‘ವಿವರಿಸುವಿಕೆ’ ಹಂತದಲ್ಲಿ, ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ಗೆ ಲೂಯಿ ಪ್ಯಾಶ್ಚರ್ 1885ರಲ್ಲಿ ಲಸಿಕೆ ಕೊಡಿಸಿದ ಕಥೆ ಹೇಳಿದೆ. ಕಥೆ ಚೆನ್ನಾಗಿಯೇ ಹೋಯಿತು. ಗಂಟೆ ಹೊಡೆಯಲು ಇನ್ನೂ ಐದು ನಿಮಿಷ ಉಳಿದಿತ್ತು. ಪಾಠಯೋಜನೆಯಲ್ಲಿ ಇಲ್ಲದಿದ್ದರೂ, ‘ನಿಮ್ಮಲ್ಲಿ ಯಾರಿಗಾದರೂ ನಾಯಿ ಕಚ್ಚಿದೆಯಾ?’ ಎಂದು ಕೇಳಿದೆ.

ಏಳೆಂಟು ಕೈಗಳು ಎದ್ದವು. ಕೊನೆಯ ಬೆಂಚಿನ ಹುಡುಗನೊಬ್ಬ ಪ್ಯಾಂಟು ಮಡಚಿ ಮೀನಖಂಡ ತೋರಿಸಿದ. ಎರಡು ಹಲ್ಲಿನ ಗುರುತು, ಕಪ್ಪಾಗಿ ಒಣಗಿದ್ದವು.

‘ಯಾವಾಗ ಕಚ್ಚಿದ್ದು?’

‘ಹೋದ ಶನಿವಾರ ಮಿಸ್.’

‘ಆಸ್ಪತ್ರೆಗೆ ಹೋಗಿದ್ಯಾ?’

‘ಇಲ್ಲ ಮಿಸ್. ಅದು ಪಕ್ಕದ್ಮನೆ ಅಂಕಲ್ ಸಾಕಿರೋ ನಾಯಿ. ಏನೂ ಆಗಲ್ಲ ಅಂದ್ರು. ಅಮ್ಮ ಅರಿಶಿನ ಹಚ್ಚಿದ್ರು.’

ಅಂದು ಗುರುವಾರ. ನಾನು ಕಪ್ಪುಹಲಗೆಯ ಮೇಲೆ ‘ರೇಬೀಸ್: ಲಕ್ಷಣ ಕಾಣಿಸಿಕೊಂಡರೆ ಉಳಿಯುವ ಸಾಧ್ಯತೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ’ ಎಂದು ಆಗತಾನೇ ಬರೆದಿದ್ದೆ. ಅದನ್ನು ಓದಿಕೊಂಡೇ ಆ ಹುಡುಗ ಕೈ ಎತ್ತಿದ್ದ. ತನ್ನ ಕಾಲಿಗೂ ಹಲಗೆಯ ಮೇಲಿನ ವಾಕ್ಯಕ್ಕೂ ಸಂಬಂಧವಿದೆ ಎಂದು ಅವನಿಗೆ ಅನಿಸಿರಲಿಲ್ಲ. ಹಲಗೆಯ ಮೇಲಿದ್ದದ್ದು ಹುಚ್ಚುನಾಯಿ, ಅವನಿಗೆ ಕಚ್ಚಿದ್ದು ಪಕ್ಕದ ಮನೆಯ ನಾಯಿ.

ಮಾರ್ಗದರ್ಶಿ ಶಿಕ್ಷಕರಿಗೆ ಹೇಳಿದೆ. ಮುಖ್ಯ ಶಿಕ್ಷಕರು ತಾಯಿಯನ್ನು ಕರೆಸಿದರು. ಆಕೆಗೆ ಭಯ ಇತ್ತು, ಆದರೆ ರೋಗದ್ದಲ್ಲ. ‘ಅವರ ಬೋರ್‌ವೆಲ್ ನೀರೇ ಮೇಡಂ ನಮಗೂ ಬರೋದು. ನಾಯಿ ವಿಷಯ ಎತ್ಕೊಂಡು ಹೋದ್ರೆ ಪೈಪು ಕಿತ್ತುಬಿಟ್ರೆ ಏನ್ಮಾಡೋದು?’ ಎಂದರು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಇಂಥ ಮಾತಿಗೆ ಯಾರೂ ನಗುವುದಿಲ್ಲ. ಜೊತೆಗೆ, ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುತ್ತಾರಂತೆ ಎಂಬ ಹಳೆಯ ಹೆದರಿಕೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2004ಕ್ಕೇ ನಿಂತುಹೋಗಿದೆ. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ತೋಳಿನ ಚರ್ಮಕ್ಕೆ, ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ, ಅಷ್ಟೇ. ತಡವಾಗಿದ್ದರೂ ಹಾಕಿಸಲೇಬೇಕು ಎಂದು ವೈದ್ಯರು ಹೇಳಿ ಅಂದೇ ಶುರುಮಾಡಿದರು. ರಕ್ತ ಬಂದ ಗಾಯವಾದ್ದರಿಂದ ಗಾಯದ ಸುತ್ತ ಇಮ್ಯುನೊಗ್ಲೋಬುಲಿನ್ ಕೂಡ ಕೊಟ್ಟರು.

ನಾಯಿ ಸಾಕುವುದರ ಬಗ್ಗೆ ನಮ್ಮ ಪತ್ರಿಕೆಗೆ ಬರೆಯಬೇಕು ಅನಿಸಿದ್ದು ಆ ತಾಯಿಯ ಮಾತಿನಿಂದ. ನೆರೆಹೊರೆ ಎಂದರೆ ಹೊಂದಿಕೊಂಡು ಹೋಗಬೇಕು ಎಂದು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಆದರೆ ಹೊಂದಿಕೊಳ್ಳುವ ಕೆಲಸ ಯಾವಾಗಲೂ ಕಚ್ಚಿಸಿಕೊಂಡವರ ಪಾಲಿಗೇ ಏಕೆ ಬರುತ್ತದೆ? ಕಚ್ಚಿಸಿಕೊಂಡವರು ದಾಕ್ಷಿಣ್ಯಕ್ಕೆ ಬಿದ್ದು ಸುಮ್ಮನಾಗುತ್ತಾರೆ, ಸಾಕಿದವರು ಅದನ್ನೇ ಒಪ್ಪಿಗೆ ಎಂದುಕೊಳ್ಳುತ್ತಾರೆ. ನನ್ನ ಪ್ರಕಾರ ಒಳ್ಳೆಯ ನೆರೆಯವರು ಎಂದರೆ, ಪಕ್ಕದ ಮನೆಯವರು ಬಾಯಿಬಿಟ್ಟು ಕೇಳುವ ಮೊದಲೇ ಲಸಿಕೆಯ ಚೀಟಿ ಹಿಡಿದು ಅವರ ಬಾಗಿಲಿಗೆ ಹೋಗುವವರು. ಆಸ್ಪತ್ರೆಗೆ ಬೈಕಿನಲ್ಲಿ ಕೂರಿಸಿಕೊಂಡು ಹೋಗುವವರು.

ಬೇರೆಯವರ ಮೇಲೆ ಹೇಳಿ ಸುಮ್ಮನಾಗುವಂತಿಲ್ಲ. ನಮ್ಮ ಮನೆಯಲ್ಲೂ ನಾಯಿ ಇದೆ. ತಾತ ಟೊಮೇಟೊ ತೋಟಕ್ಕೆ ಕಾವಲಿಗೆಂದು ಸಾಕುತ್ತಿದ್ದರು. ಹಗಲು ಮರದ ಕೆಳಗೆ ಮಲಗುತ್ತಿತ್ತು, ರಾತ್ರಿ ಬಿಟ್ಟರೆ ತೋಟ ಸುತ್ತುತ್ತಿತ್ತು. ಸುತ್ತ ಮನೆಗಳೇ ಇರಲಿಲ್ಲ, ಯಾರಿಗೂ ತೊಂದರೆಯಿರಲಿಲ್ಲ. ಆಮೇಲೆ ನಾವು ಮುಳಬಾಗಿಲಿನ ಹೊಸ ಬಡಾವಣೆಗೆ ಬಂದೆವು. ಮೂವತ್ತು ನಲವತ್ತರ ಸೈಟು, ಒಂದಕ್ಕೊಂದು ಅಂಟಿಕೊಂಡ ಗೋಡೆ. ನಾಯಿ ಜೊತೆಗೆ ಬಂತು, ರಾತ್ರಿ ಬಿಡುವ ಅಭ್ಯಾಸವೂ ಬಂತು. ಬೆಳಗಿನ ಜಾವ ಹಾಲಿನವನ ಬೈಕಿನ ಹಿಂದೆ ಓಡುತ್ತಿತ್ತು. ಎದುರು ಮನೆಯ ಅಜ್ಜಿ ಗುಡಿಸಿ, ನೀರು ಹಾಕಿ, ರಂಗೋಲಿ ಇಟ್ಟ ಜಾಗದಲ್ಲೇ ಅದು ಕೂರುತ್ತಿತ್ತು. ಅಜ್ಜಿ ಏನೂ ಅನ್ನದೆ ಮತ್ತೆ ಒಂದು ಚೊಂಬು ನೀರು ಸುರಿಯುತ್ತಿದ್ದರು. ಆ ಚೊಂಬಿನ ಸದ್ದು ನನಗೆ ಎರಡು ವರ್ಷ ಕೇಳಿಸಿದೆ. ಒಂದು ದಿನವೂ ಎದ್ದು ಹೋಗಿರಲಿಲ್ಲ.

ನಮ್ಮ ಊರಿನ ಅನೇಕ ಬೀದಿಗಳ ಕಥೆ ಇದೇ. ಪೂರ್ತಿ ಬೀದಿನಾಯಿಯೂ ಅಲ್ಲ, ಪೂರ್ತಿ ಮನೆನಾಯಿಯೂ ಅಲ್ಲ. ಉಳಿದ ಮುದ್ದೆ ಹಾಕುವಾಗ ‘ನಮ್ಮದು’, ಕಚ್ಚಿದ ದಿನ ‘ಯಾವುದೋ ಬೀದಿದು’. ನಿಜಕ್ಕೂ ನಮ್ಮದು ಎಂದು ಒಪ್ಪಿಕೊಳ್ಳುವವರು ‘ನಮ್ಮ ನಾಯಿ ಕಚ್ಚಲ್ಲ’ ಎನ್ನುತ್ತಾರೆ. ಮನೆಮಾತು ತೆಲುಗಾದರೆ ‘ಮಾ ಕುಕ್ಕ ಕರವದು’. ಎರಡೂ ಭಾಷೆಯಲ್ಲಿ ಅಷ್ಟೇ ಸುಳ್ಳು. ಮನೆಯವರನ್ನು ಕಚ್ಚುವುದಿಲ್ಲ ಎನ್ನುವುದು ಮಾತ್ರ ಅವರಿಗೆ ಗೊತ್ತಿರುವುದು. ಹುಡುಗನ ಪಕ್ಕದ ಮನೆಯವರನ್ನು ಲಸಿಕೆ ಹಾಕಿಸಿದ್ದೀರಾ ಎಂದು ಕೇಳಿದಾಗ, ‘ಮರಿ ಇದ್ದಾಗ ಹಾಕಿಸಿದ್ವಲ್ಲ’ ಎಂದರಂತೆ. ನಾಯಿಗೆ ಈಗ ಐದು ವರ್ಷ. ಮೂರು ತಿಂಗಳಿಗೆ ಒಂದು, ಆಮೇಲೆ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲೂ ಗೊತ್ತಿರಲಿಲ್ಲ, ನಾನು ವಿಜ್ಞಾನ ಓದಿದವಳು.

ಕಾನೂನು ಇಲ್ಲವೆಂದಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುನಾಯಿಯ ಲಸಿಕೆ, ಜಂತುನಿವಾರಣೆ, ಸಂತಾನ ನಿಯಂತ್ರಣ ಎಲ್ಲವೂ ಮಾಲೀಕರದೇ ಹೊಣೆ. ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಆದರೆ ಬೋರ್‌ವೆಲ್ ನೀರು ಕೊಡುವವರ ಮೇಲೆ ಯಾರು ದೂರು ಕೊಡುತ್ತಾರೆ?

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮುಂತಾದ ಆವರಣಗಳಿಂದ ಬೀದಿನಾಯಿಗಳನ್ನು ತೆರವು ಮಾಡಿ, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯ ನಂತರ ಆಶ್ರಯತಾಣದಲ್ಲಿಡಬೇಕು, ಹಿಡಿದ ಜಾಗಕ್ಕೇ ಮತ್ತೆ ಬಿಡಬಾರದು ಎಂದು ಆದೇಶಿಸಿತು. ನಮ್ಮ ಸಹಪಾಠಿಗಳಲ್ಲಿ ಕೆಲವರು ‘ಇನ್ನು ಸಮಸ್ಯೆ ಮುಗೀತು’ ಎಂದರು, ಕೆಲವರು ‘ಪಾಪ ಅವು ಎಲ್ಲಿಗೆ ಹೋಗಬೇಕು’ ಎಂದರು. ಊಟದ ಬಿಡುವೆಲ್ಲ ಆ ವಾದದಲ್ಲೇ ಕಳೆಯಿತು. ಆದರೆ ಅದೇ ಆದೇಶದಲ್ಲಿ ಶಿಕ್ಷಕರಿಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಮಾತಿದೆ: ಪ್ರಾಣಿಗಳ ಬಳಿ ಹೇಗಿರಬೇಕು, ಕಚ್ಚಿದರೆ ಪ್ರಥಮ ಚಿಕಿತ್ಸೆ ಏನು, ಯಾರಿಗೆ ತಕ್ಷಣ ತಿಳಿಸಬೇಕು ಎಂಬುದನ್ನು ಶಾಲೆಗಳು ಮಕ್ಕಳಿಗೂ ಸಿಬ್ಬಂದಿಗೂ ಹೇಳಿಕೊಡಬೇಕು. ಅದರ ಬಗ್ಗೆ ಯಾರೂ ವಾದ ಮಾಡಲಿಲ್ಲ. ಶಾಲೆಗೆ ಬೇಲಿ ಹಾಕಿದರೂ ಆ ಹುಡುಗನಿಗೆ ಕಚ್ಚಿದ ನಾಯಿಗೆ ಬೇಲಿ ತಗಲುವುದಿಲ್ಲ; ಅದು ಸಂಜೆ ಆದರೆ ತನ್ನ ಮನೆಯ ಗೇಟಿನ ಒಳಗೇ ಹೋಗಿ ಮಲಗುತ್ತದೆ. ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡ 70ರಷ್ಟಕ್ಕೆ ಲಸಿಕೆಯಾದರೆ ರೇಬೀಸ್ ಹರಡುವ ಸರಪಳಿ ಕಡಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಲೆ ಬೇಡ, ವ್ಯಾನು ಬೇಡ, ಕರೆದರೆ ಬಾಲ ಅಲ್ಲಾಡಿಸಿಕೊಂಡು ಬರುವ ನಾಯಿಗಳಿಂದಲೇ ಈ ಲೆಕ್ಕ ಶುರುಮಾಡಬಹುದಲ್ಲ.

ನಾಯಿಯ ಹೊಣೆ ಹೊರುವುದು ನಮ್ಮ ನಾಡಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಶಾಸನವೊಂದು ಸಿಕ್ಕಿದೆ; ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಬಹುಮಾನವಾಗಿ ಊರು, ಹೊನ್ನು ಕೇಳದೆ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ನಮ್ಮ ಕೋಲಾರವನ್ನೇ ಮೊದಲ ರಾಜಧಾನಿ ಮಾಡಿಕೊಂಡಿದ್ದ ಗಂಗರ ಕಾಲದ್ದು. ಕಾಳಿಯನ್ನು ಹಾಡಿ ಹೊಗಳುವವರು ಬಹಳ. ನನಗೆ ಮುಖ್ಯ ಅನಿಸುವುದು, ಆ ನಾಯಿ ಯಾರದು ಎಂಬ ಪ್ರಶ್ನೆಗೆ ಕಲ್ಲಿನಲ್ಲೇ ಉತ್ತರ ಇದೆ ಎನ್ನುವುದು.

ನಾನು ಮರುದಿನ ತರಗತಿಯಲ್ಲಿ ಮಾಡಿದ್ದು ದೊಡ್ಡದೇನಲ್ಲ. ‘ವಿಸ್ತರಿಸುವಿಕೆ’ಗೆ ಪಕ್ಕದ ಮನೆಯ ನಾಯಿಗಳ ಸಮೀಕ್ಷೆ ಮಾಡಿಸುವ ಯೋಚನೆ ಇತ್ತು. ಮಾರ್ಗದರ್ಶಿ ಶಿಕ್ಷಕರು ತಡೆದರು: ‘ಮಕ್ಕಳನ್ನು ಕಳಿಸಿ ಜಗಳ ಹಚ್ಚಬೇಡಮ್ಮ. ಅವರವರ ಮನೆ ನಾಯಿದು ಮೊದಲು ಕೇಳು.’ ಸರಿ ಎನಿಸಿತು. ನಾಯಿ ಸಾಕಿರುವ ಮಕ್ಕಳು ಲಸಿಕೆಯ ಚೀಟಿ ನೋಡಿ ಕೊನೆಯ ದಿನಾಂಕ ಬರೆದುಕೊಂಡು ಬರಲಿ ಎಂದೆ. ಕೈ ಎತ್ತಿದವರು ತರಗತಿಯ ಅರ್ಧ. ದಿನಾಂಕ ತಂದವರು ಮೂವರು. ಕಚ್ಚಿದ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು ಎಂಬುದನ್ನು ಬಾಯಿಪಾಠ ಮಾಡಿಸಲಿಲ್ಲ, ಶಾಲೆಯ ನಲ್ಲಿಯ ಹತ್ತಿರ ಗಡಿಯಾರ ಇಟ್ಟು ಒಬ್ಬನಿಂದ ಕಾಲು ತೊಳೆಸಿದೆವು. ನೀರು ವ್ಯರ್ಥವಾಗದಂತೆ ಕೆಳಗೆ ಬಕೆಟ್ ಇಟ್ಟಿದ್ದೆವು, ಗಿಡಕ್ಕೆ ಹಾಕಿದೆವು. 15 ನಿಮಿಷ ಎಷ್ಟು ಉದ್ದ ಎಂದು ಆಗ ಗೊತ್ತಾಯಿತು, ನನಗೂ.

ನಮ್ಮ ಮನೆಯ ನಾಯಿಗೆ ಆ ಭಾನುವಾರವೇ ಹಗ್ಗ ತಂದೆ. ಬೆಳಿಗ್ಗೆ ಸಂಜೆ ನಾನೇ ಹೊರಗೆ ಕರೆದುಕೊಂಡು ಹೋಗುತ್ತೇನೆ, ಹಳೆಯ ಪೇಪರು ಜೊತೆಗಿರುತ್ತದೆ. ಅಜ್ಜಿಯ ಬಾಗಿಲಿಗೆ ಹೋಗಿ ಕ್ಷಮೆ ಕೇಳಿದಾಗ ‘ಅಯ್ಯೋ ಬಿಡಮ್ಮ, ಮೂಕಪ್ರಾಣಿ’ ಅಂದರು. ಚೊಂಬು ಕೈಯಲ್ಲೇ ಇತ್ತು.

ಹುಡುಗನಿಗೆ ಕಚ್ಚಿದ ನಾಯಿ ಹತ್ತು ದಿನ ಕಳೆದರೂ ಚೆನ್ನಾಗಿಯೇ ಇತ್ತು, ಅಂದರೆ ಈ ಸಲ ಅಪಾಯವಿರಲಿಲ್ಲ. ಮನೆಯವರು ‘ನಾವು ಹೇಳಿರಲಿಲ್ವಾ’ ಎಂದರಂತೆ. ನೀರು ನಿಲ್ಲಿಸಲಿಲ್ಲ, ಮೊದಲಿನ ಹಾಗೆ ಮಾತಾಡಿಸುತ್ತಲೂ ಇಲ್ಲ. 28ನೆಯ ದಿನದ ಚುಚ್ಚುಮದ್ದಿನ ಹೊತ್ತಿಗೆ ನಮ್ಮ ಬೋಧನಾಭ್ಯಾಸ ಮುಗಿದಿತ್ತು. ತಾಯಿಗೆ ಫೋನ್ ಮಾಡಿದೆ, ಹುಡುಗನೇ ತೆಗೆದುಕೊಂಡ. ಹಾಕಿಸಿಕೊಂಡು ಬಂದನಂತೆ, ನೋಯಲಿಲ್ಲವಂತೆ.

‘ಮಿಸ್, ಆ ನಾಯಿನ ಇನ್ನೂ ಬಿಟ್ಟೇ ಇದ್ದಾರೆ’ ಎಂದ.