ಮೂರ್ಛೆರೋಗವೂ ಶರೀರದ ಖನಿಜಾಂಶಗಳೂ

ಜಾತ್ರೆಯಲ್ಲಾಗಲಿ, ಬಸ್ ನಿಲ್ದಾಣದಲ್ಲಾಗಲಿ ಯಾರಾದರೂ ಮೂರ್ಛೆ ಬಂದು ಬಿದ್ದರೆ, ನೆರೆದವರಲ್ಲೊಬ್ಬರು ಬೀಗದ ಕೈಗಳ ಗೊಂಚಲನ್ನು ತಂದು ಅವರ ಅಂಗೈಯಲ್ಲಿಟ್ಟು ಮುಷ್ಟಿ ಬಿಗಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಬ್ಬಿಣ ತಾಗಿದರೆ ಸೆಳೆತ ನಿಲ್ಲುವುದೆಂಬುದು ತಲೆಮಾರುಗಳಿಂದ ಬಂದ ನಂಬಿಕೆ. ಸ್ವಲ್ಪ ಹೊತ್ತಿನಲ್ಲಿ ಸೆಳೆತ ನಿಲ್ಲುವುದೂ ನಿಜ. ಆದರೆ ಅದು ಕಬ್ಬಿಣದ ಮಹಿಮೆಯಲ್ಲ. ಬಹುಪಾಲು ಸೆಳೆತಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲತಕ್ಕವು. ಕೈಯಲ್ಲಿಟ್ಟ ಲೋಹಕ್ಕೂ ಮೂರ್ಛೆಗೂ ಯಾವ ಸಂಬಂಧವೂ ಇಲ್ಲ. ರಕ್ತದಲ್ಲಿರುವ ಖನಿಜಾಂಶಗಳಿಗೂ ಸೆಳೆತಕ್ಕೂ ಮಾತ್ರ ನಿಕಟವಾದ ಸಂಬಂಧವಿದೆ. ಆ ಸಂಬಂಧ ಎಂಥದು, ಅದರ ಮಿತಿ ಎಷ್ಟು ಎಂಬುದನ್ನು ಪ್ರತಿಯೊಂದು ಕುಟುಂಬವೂ ಅರಿತಿರುವುದು ಅವಶ್ಯ. ಏಕೆಂದರೆ ಅರೆ ತಿಳಿವಳಿಕೆಯಿಂದ ಔಷಧಿಯನ್ನು ನಿಲ್ಲಿಸಿ ಅಪಾಯಕ್ಕೀಡಾಗುವವರು ನಮ್ಮ ನಡುವೆಯೇ ಇದ್ದಾರೆ.

ಸೆಳೆತವೆಂದರೇನು?

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇವು ಅತಿ ಸೂಕ್ಷ್ಮವಾದ ವಿದ್ಯುತ್ತಿನ ಮೂಲಕ ಸಂದೇಶಗಳನ್ನು ಸಾಗಿಸುತ್ತವೆ. ಈ ವಿದ್ಯುತ್ತಿಗೆ ಲವಣಗಳೇ ಆಧಾರ. ಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಕೋಶದ ಪೊರೆಯಲ್ಲಿರುವ ಸಣ್ಣ ಬಾಗಿಲುಗಳು ತೆರೆದಾಗ ಸೋಡಿಯಂ ಒಳನುಗ್ಗುತ್ತದೆ, ಬಳಿಕ ಪೊಟ್ಯಾಸಿಯಂ ಹೊರಬರುತ್ತದೆ. ಆ ಬಾಗಿಲುಗಳು ಅಕಾರಣವಾಗಿ ತೆರೆಯದಂತೆ ಕ್ಯಾಲ್ಸಿಯಂ ಕಾಯುತ್ತದೆ. ಕೋಶದ ಅತಿ ಉದ್ರೇಕವನ್ನು ಮೆಗ್ನೀಸಿಯಂ ತಗ್ಗಿಸುತ್ತದೆ. ಅನೇಕ ನರಕೋಶಗಳು ಅಂಕೆ ತಪ್ಪಿ ಏಕಕಾಲಕ್ಕೆ ಉದ್ರೇಕಗೊಂಡರೆ ಅದೇ ಸೆಳೆತ.

ಇಲ್ಲಿ ಒಂದು ಭೇದವನ್ನು ಮನಗಾಣಬೇಕು. ಸೆಳೆತವು ಒಂದು ಲಕ್ಷಣ, ಮೂರ್ಛೆರೋಗವು ಒಂದು ವ್ಯಾಧಿ. ಜ್ವರ ಬಂದವರೆಲ್ಲರಿಗೂ ವಿಷಮಶೀತ ಜ್ವರವಲ್ಲದಿರುವಂತೆ, ಸೆಳೆತ ಬಂದವರೆಲ್ಲರೂ ಮೂರ್ಛೆರೋಗಿಗಳಲ್ಲ. ತತ್ಕ್ಷಣದ ಕಾರಣವೇನೂ ಇಲ್ಲದೆ ಸೆಳೆತ ಮರಳಿ ಮರಳಿ ಬರುವ ಪ್ರವೃತ್ತಿಗೆ ಮಾತ್ರ ಮೂರ್ಛೆರೋಗವೆಂದು ಹೆಸರು. ಹೆರಿಗೆಯ ಕಾಲದಲ್ಲಿ ಮಿದುಳಿಗಾದ ಹಾನಿ, ತಲೆಗೆ ಬಿದ್ದ ಪೆಟ್ಟು, ಮಿದುಳಿನ ಸೋಂಕು, ಪಾರ್ಶ್ವವಾಯು, ವಂಶವಾಹಿಯ ದೋಷ ಇವು ಅದರ ಕಾರಣಗಳಲ್ಲಿ ಕೆಲವು. ಎಷ್ಟೋ ಜನರಲ್ಲಿ ಕಾರಣವೇ ಗೊತ್ತಾಗುವುದಿಲ್ಲ. ಖನಿಜಾಂಶಗಳ ಏರುಪೇರಿನಿಂದ ಬರುವ ಸೆಳೆತ ಇವುಗಳಿಂದ ಬೇರೆಯಾದುದು. ಏರುಪೇರು ಸರಿಹೋದೊಡನೆ ಅದೂ ನಿಲ್ಲುತ್ತದೆ.

ಮೂರು ಮುಖ್ಯ ಖನಿಜಗಳು

ಮೊದಲನೆಯದು ಸೋಡಿಯಂ. ರಕ್ತಪರೀಕ್ಷೆಯ ವರದಿಯಲ್ಲಿ ಇದು 135ರಿಂದ 145ರವರೆಗೆ ಇರುವುದು ಸಹಜ. ಒಂದೆರಡು ದಿನಗಳಲ್ಲಿ ಇದು 120ಕ್ಕಿಂತ ಕೆಳಗಿಳಿದರೆ ಮಿದುಳಿನ ಕೋಶಗಳೊಳಗೆ ನೀರು ಸೇರಿ ಬಾವು ಉಂಟಾಗಿ, ಮಂಕು ಕವಿದು, ಸೆಳೆತ ಬರಬಹುದು. ಮೂತ್ರ ಹೆಚ್ಚಿಸುವ ಗುಳಿಗೆಗಳನ್ನು ಸೇವಿಸುವ ವೃದ್ಧರಲ್ಲಿಯೂ, ಭೇದಿಯಾದಾಗ ಬರಿಯ ನೀರನ್ನೇ ಕುಡಿಸಿದ ಎಳೆಯ ಮಕ್ಕಳಲ್ಲಿಯೂ ಈ ಅಪಾಯ ಹೆಚ್ಚು. ಉಪ್ಪು ಅತಿಯಾದರೂ ಸೆಳೆತವೇ ಪರಿಣಾಮ. ಆದುದರಿಂದ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಬೇಕು. ಪುಡಿ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದಕ್ಕಿಂತ ಹೆಚ್ಚು ಬೇಡ.

ಎರಡನೆಯದು ಕ್ಯಾಲ್ಸಿಯಂ. ಹುಟ್ಟಿದ ಕೆಲವು ದಿನಗಳಲ್ಲಿಯೇ ಹಸುಗೂಸಿಗೆ ಸೆಳೆತ ಬಂದರೆ ವೈದ್ಯರು ಮೊದಲು ಪರೀಕ್ಷಿಸುವವುಗಳಲ್ಲಿ ರಕ್ತದ ಸಕ್ಕರೆಯೂ ಕ್ಯಾಲ್ಸಿಯಮ್ಮೂ ಸೇರಿವೆ. ಹಸುವಿನ ಹಾಲಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದೆಯಲ್ಲ ಎಂದು ಹಿರಿಯರು ಕೇಳಬಹುದು. ಹೆಚ್ಚಿರುವುದು ನಿಜ, ಆದರೆ ಅದರಲ್ಲಿ ರಂಜಕವು ತಾಯಿಯ ಹಾಲಿನಲ್ಲಿರುವುದಕ್ಕಿಂತ ಹಲವು ಪಟ್ಟು ಅಧಿಕ. ಕೂಸಿನ ಎಳೆಯ ಮೂತ್ರಪಿಂಡಗಳು ಅಷ್ಟು ರಂಜಕವನ್ನು ಹೊರಹಾಕಲಾರವು. ರಂಜಕ ಏರಿದಂತೆ ರಕ್ತದ ಕ್ಯಾಲ್ಸಿಯಂ ಇಳಿಯುತ್ತದೆ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕೆಂದು ವೈದ್ಯರು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಬಿಸಿಲು ಕಾಣದೆ ಡಿ ಜೀವಸತ್ವದ ಕೊರತೆಯಿರುವ ತಾಯಂದಿರ ಮಕ್ಕಳಲ್ಲಿಯೂ ಈ ತೊಂದರೆ ಕಾಣಬಹುದು.

ಮೂರನೆಯದು ಮೆಗ್ನೀಸಿಯಂ. ದೀರ್ಘಕಾಲದ ಭೇದಿ, ಮದ್ಯಪಾನ, ಹೊಟ್ಟೆಯ ಆಮ್ಲ ತಗ್ಗಿಸುವ ಕೆಲವು ಗುಳಿಗೆಗಳ ವರ್ಷಗಟ್ಟಲೆಯ ಸೇವನೆ ಇವುಗಳಿಂದ ಇದು ಕುಗ್ಗುತ್ತದೆ. ಇದು ತೀರ ಕುಗ್ಗಿದಾಗ ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ರಕ್ತದಲ್ಲಿ ಅದರ ಮಟ್ಟ ಏರದು. ರಕ್ತದೊತ್ತಡ ಏರಿದ ಗರ್ಭಿಣಿಯರಿಗೆ ಬರುವ ಪ್ರಾಣಾಂತಿಕ ಸೆಳೆತಕ್ಕೆ ಮೆಗ್ನೀಸಿಯಂ ಸಲ್ಫೇಟ್ ಉಳಿದ ಔಷಧಿಗಳಿಗಿಂತ ಮೇಲೆಂದು 1995ರಲ್ಲಿ ಪ್ರಕಟವಾದ, ಭಾರತವೂ ಪಾಲುಗೊಂಡಿದ್ದ ಅಧ್ಯಯನವು ತೋರಿಸಿತು. 33 ದೇಶಗಳ 10,000ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಆ ಸೆಳೆತ ಬರುವ ಸಂಭವವನ್ನೇ ಇದು ಅರ್ಧಕ್ಕಿಂತ ಹೆಚ್ಚು ತಗ್ಗಿಸುವುದೆಂದು ಸ್ಪಷ್ಟಪಡಿಸಿತು. ಇದು ಆಸ್ಪತ್ರೆಯಲ್ಲಿಯೇ ಕೊಡತಕ್ಕ ಚುಚ್ಚುಮದ್ದು. ಪ್ರಮಾಣ ಮೀರಿದರೆ ಉಸಿರಾಟವೇ ನಿಲ್ಲಬಹುದು.

ಖನಿಜದ ಪುಡಿ ಪರ್ಯಾಯವಲ್ಲ

ಇಷ್ಟನ್ನು ಓದಿದವರಿಗೆ, ಮೂರ್ಛೆರೋಗವುಳ್ಳ ಎಲ್ಲರಿಗೂ ಖನಿಜದ ಗುಳಿಗೆ ಕೊಟ್ಟರಾಯಿತೆಂಬ ಭಾವನೆ ಬರಬಹುದು. ಇದು ತಪ್ಪು. ಬಹುತೇಕ ಮೂರ್ಛೆರೋಗಿಗಳ ರಕ್ತದಲ್ಲಿ ಖನಿಜಾಂಶಗಳು ಸರಿಯಾದ ಪ್ರಮಾಣದಲ್ಲಿಯೇ ಇರುತ್ತವೆ. ಇಲ್ಲದ ಕೊರತೆಯನ್ನು ತುಂಬಿದರೆ ರೋಗ ವಾಸಿಯಾಗದು. 1857ರಲ್ಲಿ ಲಂಡನ್ನಿನ ವೈದ್ಯ ಚಾರ್ಲ್ಸ್ ಲೊಕಾಕ್ ಅವರು ಪೊಟ್ಯಾಸಿಯಂ ಬ್ರೋಮೈಡ್ ಎಂಬ ಲವಣದಿಂದ ಸೆಳೆತ ತಗ್ಗಿದುದನ್ನು ವರದಿ ಮಾಡಿದರು. ಈ ರೋಗಕ್ಕೆ ಗುಣ ಕೊಟ್ಟ ಮೊದಲ ಔಷಧಿಯೇ ಒಂದು ಲವಣ! ಆದರೂ ಅದು ಶರೀರದ ಕೊರತೆಯನ್ನು ತುಂಬಿದ್ದಲ್ಲ, ಔಷಧಿಯಾಗಿ ಮಿದುಳಿನ ಉದ್ರೇಕವನ್ನು ತಗ್ಗಿಸಿದ್ದು. ಮೈಮೇಲೆ ಗುಳ್ಳೆ, ಬುದ್ಧಿಮಂಕು ಮೊದಲಾದ ದುಷ್ಪರಿಣಾಮಗಳಿದ್ದುದರಿಂದ, 1912ರಲ್ಲಿ ಫಿನೊಬಾರ್ಬಿಟಾಲ್, 1938ರಲ್ಲಿ ಫಿನೈಟಾಯಿನ್ ಬಳಕೆಗೆ ಬಂದ ಮೇಲೆ ಅದು ಕ್ರಮೇಣ ಹಿಂದೆ ಸರಿಯಿತು.

ಔಷಧಿಗಳಿಂದಲೂ ಖನಿಜಾಂಶಗಳಲ್ಲಿ ವ್ಯತ್ಯಾಸವಾಗುವುದುಂಟು. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್ ಗುಳಿಗೆಗಳು ಕೆಲವರಲ್ಲಿ ಸೋಡಿಯಮ್ಮನ್ನು ಇಳಿಸುತ್ತವೆ. ಫಿನೈಟಾಯಿನ್, ಫಿನೊಬಾರ್ಬಿಟಾಲ್‌ಗಳು ಡಿ ಜೀವಸತ್ವವನ್ನು ಬೇಗ ಕರಗಿಸಿ ಮೂಳೆಗಳನ್ನು ದುರ್ಬಲಗೊಳಿಸಬಲ್ಲವು. ಅಂಥವರಿಗೆ ವೈದ್ಯರೇ ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವವನ್ನು ಬರೆದುಕೊಡುತ್ತಾರೆ. ಕ್ಯಾಲ್ಸಿಯಂ ಗುಳಿಗೆಯನ್ನಾಗಲಿ ಆಮ್ಲಶಾಮಕವನ್ನಾಗಲಿ ಫಿನೈಟಾಯಿನ್ ಜೊತೆಗೆ ಒಮ್ಮೆಲೇ ನುಂಗದೆ, ಎರಡು ಗಂಟೆಯಾದರೂ ಅಂತರವಿಡಬೇಕು; ಇಲ್ಲವಾದರೆ ಫಿನೈಟಾಯಿನ್ ರಕ್ತಕ್ಕೆ ಸರಿಯಾಗಿ ಸೇರದು.

ಮಗಳ ಮದುವೆ ಗೊತ್ತಾದೊಡನೆ, ಬೀಗರಿಗೆ ತಿಳಿದೀತೆಂಬ ಅಂಜಿಕೆಯಿಂದ ಗುಳಿಗೆಗಳನ್ನು ನಿಲ್ಲಿಸಿ, ಶಕ್ತಿವರ್ಧಕವೆಂದು ಯಾವುದೋ ಖನಿಜದ ಪುಡಿಯನ್ನು ಕೊಟ್ಟು ಕಳುಹಿಸುವ ತಾಯಿತಂದೆಗಳಿದ್ದಾರೆ. ಅವರ ಸಂಕಟ ಅರ್ಥವಾಗುವಂಥದೇ. ಆದರೆ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಸೆಳೆತ ಬಿಡದೆ ಒಂದರ ಮೇಲೊಂದು ಬಂದು ಪ್ರಾಣಕ್ಕೇ ಕುತ್ತಾಗಬಹುದು. ಮುಚ್ಚಿಟ್ಟ ಗುಟ್ಟಿಗೆ ಮಗಳ ಜೀವವನ್ನು ಒತ್ತೆಯಿಡುವುದು ಯಾವ ಮಮತೆ? ಲಿಂಗಾಯತರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗವು ವಿವಾಹಕ್ಕೆ ಅಡ್ಡಿಯೆಂಬ ಮಾತಿತ್ತು. 1999ರ ತಿದ್ದುಪಡಿಯು ಅದನ್ನು ತೆಗೆದುಹಾಕಿತು. ಕಾನೂನು ಬಿಟ್ಟ ಕಳಂಕವನ್ನು ನಾವೇಕೆ ಹೊರಬೇಕು? ಸರಿಯಾದ ಚಿಕಿತ್ಸೆ ಪಡೆದ ನೂರರಲ್ಲಿ ಎಪ್ಪತ್ತರಷ್ಟು ಜನ ಸೆಳೆತವಿಲ್ಲದೆ ಬಾಳಬಲ್ಲರು. ಎರಡು ವರ್ಷ ಸೆಳೆತ ಬಾರದಿದ್ದರೆ ಗುಳಿಗೆಯನ್ನು ಮೆಲ್ಲಮೆಲ್ಲನೆ ಇಳಿಸುವ ವಿಚಾರವನ್ನು ವೈದ್ಯರೇ ಮಾಡುತ್ತಾರೆ.

ಕಣ್ಣೆದುರು ಸೆಳೆತ ಬಂದಾಗ

ಬೀಗದ ಕೈ, ಈರುಳ್ಳಿ, ಚಪ್ಪಲಿ ಯಾವುದನ್ನೂ ಹುಡುಕಬೇಡಿರಿ. ಸುತ್ತಲಿನ ಗಡಸು ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ಕೊರಳಿನ ಬಿಗಿ ಸಡಿಲಿಸಿ, ಒಂದು ಪಕ್ಕಕ್ಕೆ ಹೊರಳಿಸಿರಿ. ಬಾಯೊಳಗೆ ಚಮಚ, ನೀರು, ಗುಳಿಗೆ ಏನನ್ನೂ ಹಾಕಬೇಡಿರಿ. ಗಡಿಯಾರ ನೋಡಿರಿ. 5 ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೊಮ್ಮೆ ಬಂದರೆ, ಮೊದಲ ಸಲದ ಸೆಳೆತವಾಗಿದ್ದರೆ, ಬಿದ್ದವರು ಗರ್ಭಿಣಿಯೋ ಹಸುಗೂಸೋ ಆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಕ್ಕರೆ ಇವುಗಳ ರಕ್ತಪರೀಕ್ಷೆ ಆಗಬೇಕೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಕೊರತೆ ಕಂಡರೆ ತುಂಬಿಸೋಣ. ಕಾಣದಿದ್ದರೆ ವೈದ್ಯರು ಕೊಟ್ಟ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ, ಒಂದು ದಿನವೂ ತಪ್ಪಿಸದೆ ಕೊಡೋಣ.